ಒಳಕೋಣೆಯಲ್ಲಿ ಗಾಂಜಾ ಬೆಳೆಸಿದ ಮಾಸ್ತರರು

ಗಿಡಗಳ ಜೊತೆ ಮಾತಾಡುವವರನ್ನು ಕಂಡರೆ ಮಾಸ್ತರರಿಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮ ಶಾಲೆಯ ಹೊಲಿಗೆ ಟೀಚರು ಒಮ್ಮೆ ಗುಲಾಬಿ ಕುಂಡದ ಮುಂದೆ ಕೂತು "ಏನ ಬಂಗಾರ, ಹ್ಯಾಂಗ ಇದ್ದಿ?" ಎಂದದ್ದು ಇವರ ಕಿವಿಗೆ ಬಿತ್ತು. "ಅದಕ್ಕ ಕಿವಿ ಇಲ್ಲರಿ. ಇದ್ದಿದ್ರ ನಿಮ್ಮ ಮಾತ ಕೇಳಿ ಎಂದೋ ಓಡಿ ಹೋಗ್ತಿತ್ತು. ನೀರ ಹಾಕ್ರಿ, ಸುಮ್ಮ ಕೂಡ್ರಿ" ಎಂದುಬಿಟ್ಟರು. ಆಕೆ ಸ್ಟಾಫ್ ರೂಮಿಗೆ ಬಂದು ಅತ್ತಳು. ನಾನು ಅವರ ಜೊತೆ ಜಗಳಕ್ಕೆ ಹೋದೆ. "ಅತ್ರ ಏನಾತ್ರಿ? ಆ ನೀರೂ ಕುಂಡಕ್ಕ ಹಾಕ್ಲಿ" ಎಂದರು. ಬರಗಾಲದ ಮೊದಲನೆಯ ವರ್ಷ ಅದು. ನಗಬೇಕೋ ಬಯ್ಯಬೇಕೋ ತಿಳಿಯದೆ ನಾನು ಎರಡನ್ನೂ ಮಾಡಿದೆ.

ಮೊನ್ನೆ ಭಾಲ್ಕಿಯಲ್ಲಿ ಅವರನ್ನು ಮಣ್ಣು ಮಾಡಿ ಬಂದೆವು. ಹೆಸರು ಬರೆಯುವುದಿಲ್ಲ. ಬೀದರಿನವರು ಆ ಹೆಸರನ್ನು ಬಾಯಲ್ಲಿ ಹಾಕಿಕೊಂಡು ಸಾಕಷ್ಟು ಅಗಿದಿದ್ದಾರೆ. ಪತ್ರಿಕೆಯವರು ಫೋಟೋ ಸಮೇತ ಅಚ್ಚು ಹಾಕಿದ್ದಾರೆ. "ಗಾಂಜಾ ಮಾಸ್ತರ" ಎಂದರೆ ಸಾಕು, ಹಳೆಯ ಆಟೋದವರು ಇಂದಿಗೂ ನಿಮ್ಮನ್ನು ಆ ಮನೆಯ ಮುಂದೆ ಇಳಿಸಿಯಾರು. ನಾನು ಅವರನ್ನು ಮಾಸ್ತರರು ಎಂದೇ ಕರೆಯುತ್ತೇನೆ. ಸಾಯುವವರೆಗೂ ಅವರು ನನಗೆ ಮಾಸ್ತರರೇ ಆಗಿದ್ದರು, ಸರಕಾರ ಆ ಪದವನ್ನು ಅವರಿಂದ ಕಿತ್ತುಕೊಂಡಿದ್ದರೂ.

ನಾನು ಅದೇ ಶಾಲೆಯಲ್ಲಿ ಹಿಂದಿ ಕಲಿಸುವ ಟೀಚರು, ಮಾಸ್ತರರ ಬಾಯಲ್ಲಿ 'ಬಾಯಾರು'. ಅವರು ಕಲಿಸುತ್ತಿದ್ದದ್ದು ಜೀವಶಾಸ್ತ್ರ. ಮೈಲೂರಿನಲ್ಲಿ ಒಂದೇ ಕಂಪೌಂಡಿನೊಳಗೆ ಎದುರುಬದುರು ಬಾಡಿಗೆ ಮನೆಗಳು. ಅವರ ಊರು ಠಾಣಾ ಕುಶನೂರಿನ ಹತ್ತಿರದ ಒಂದು ಹಳ್ಳಿ. ಭಾಲ್ಕಿಯಲ್ಲಿ ಒಬ್ಬ ತಂಗಿ. ಮದುವೆಯಾಗಿರಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ "ನೆನಪಾಗಲಿಲ್ಲರಿ" ಎನ್ನುತ್ತಿದ್ದರು, ಅಂಗಡಿಯಿಂದ ಉಪ್ಪು ತರುವುದನ್ನು ಮರೆತವರ ಹಾಗೆ. ಎತ್ತರದ ಆಳು, ಸೊಂಟದ ಮೇಲಕ್ಕೆ ಏರಿದ ಪ್ಯಾಂಟು, ಅಂಗಿಯ ಜೇಬಿನಲ್ಲಿ ಸದಾ ಒಂದು ಬ್ಲೇಡಿನ ಚೂರು. ಮಕ್ಕಳಿಗೆ ಹೂವನ್ನು ಸೀಳಿ ತೋರಿಸಲು ಅದು ಬೇಕಾಗುತ್ತಿತ್ತು. ಆ ಬ್ಲೇಡಿನಿಂದ ತಮ್ಮ ಬೆರಳನ್ನು ಕುಯ್ದುಕೊಂಡು ಶಾಲೆಯೆಲ್ಲ ಟಿಂಕ್ಚರ್ ವಾಸನೆ ಎಬ್ಬಿಸುತ್ತಿದ್ದರು.

ಶಾಲೆಯ ಅಂಗಳದ ತೋಟ ಅವರು ಮಾಡಿದ್ದು. ಬೀದರಿನ ಕೆಂಪು ಮುರಮಿನ ಗಟ್ಟಿ ನೆಲದಲ್ಲಿ ಏನೂ ಸರಿಯಾಗಿ ಬರುವುದಿಲ್ಲ ಎಂದು ಭಾಲ್ಕಿಯಿಂದ ಕರಿಮಣ್ಣನ್ನು ಚೀಲದಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ತರುತ್ತಿದ್ದರು. ಒಮ್ಮೆ ನಾನೂ ಅದೇ ಬಸ್ಸಿನಲ್ಲಿದ್ದೆ. ಕಂಡಕ್ಟರ್ ಚೀಲಕ್ಕೆ ಒದ್ದು, "ಇದೇನರಿ ಮಾಸ್ತರ?" ಎಂದ.

"ಮಣ್ಣು."

"ಮಣ್ಣಾ? ಬೀದರದಾಗ ಮಣ್ಣಿಲ್ಲೇನು?"

"ಅದ. ಆದ್ರ ಅದು ನಿನ್ನಂಗ, ಭಾಳ ಬಿರುಸು."

ಕಂಡಕ್ಟರ್ ಹಟಕ್ಕೆ ಬಿದ್ದು ಮಣ್ಣಿಗೂ ಲಗೇಜು ಟಿಕೇಟು ಹರಿದ. ಮಾಸ್ತರರು ಆ ಟಿಕೇಟನ್ನು ಚೀಲದ ಬಾಯಿಗೆ ಸಿಕ್ಕಿಸಿ, ಪಕ್ಕದ ಸೀಟಿನಲ್ಲಿ ಮನುಷ್ಯನನ್ನು ಕೂರಿಸಿದಂತೆ ಕೂರಿಸಿದರು. ಹಲಬರ್ಗಾ ದಾಟುವತನಕ ಬಸ್ಸಿನವರೆಲ್ಲ ನಕ್ಕರು, ಅವರೊಬ್ಬರು ನಗಲಿಲ್ಲ.

ಆ ತೋಟ ಬರಗಾಲಕ್ಕೆ ಹೋಯಿತು. ಮೊದಲನೆಯ ವರ್ಷ ಮಕ್ಕಳು ಕೈ ತೊಳೆದ ನೀರನ್ನು ಕಾಲುವೆ ಮಾಡಿ ಗಿಡಗಳಿಗೆ ಹರಿಸಿದರು. ಎರಡನೆಯ ವರ್ಷ ಕೈ ತೊಳೆಯುವ ನೀರೂ ಇರಲಿಲ್ಲ. ಕುಡಿಯುವ ನೀರಿಗೇ ಟ್ಯಾಂಕರಿನ ಹಿಂದೆ ಓಡುತ್ತಿದ್ದ ಕಾಲ. ಹೆಡ್‌ಮಾಸ್ತರರು ತೋಟಕ್ಕೆ ಒಂದು ಹನಿ ಹಾಕಬಾರದು ಎಂದು ಅಪ್ಪಣೆ ಮಾಡಿದರು. ಅದು ಸರಿಯಾಗಿಯೇ ಇತ್ತು, ಮಾಸ್ತರರೂ ಎದುರು ಮಾತಾಡಲಿಲ್ಲ. ಆದರೆ ಒಣಗಿದ ದಾಸವಾಳವನ್ನು ಕಿತ್ತು ಒಲೆಗೆ ಹಾಕಲು ಆಯಾ ಬಂದಾಗ ಅವರು ಕ್ಲಾಸನ್ನು ಅರ್ಧಕ್ಕೆ ಬಿಟ್ಟು ಮನೆಗೆ ಹೋಗಿಬಿಟ್ಟರು. ಆವತ್ತು ನಾನು ಅವರ ಕ್ಲಾಸಿಗೆ ಹೋಗಿ ಹಿಂದಿ ಪದ್ಯ ಹೇಳಿಸಿದೆ, ಬಯ್ದುಕೊಳ್ಳುತ್ತ.

ಅದಾದ ಮೇಲೆ ಅವರು ಸೊರಗತೊಡಗಿದರು. ಸ್ನಾನ ಬಿಟ್ಟರು. ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡು ಶಾಲೆಗೆ ಬರುತ್ತಿದ್ದರು. ಅವರ ಮನೆಯಿಂದ ಬೆಳಿಗ್ಗೆ ಸಂಜೆ ಊದಿನ ಹೊಗೆ ಏಳುತ್ತಿತ್ತು. ಮನೆ ಮಾಲಕರ ಮುದುಕಿ, "ಮಾಸ್ತರಗ ಈಗೀಗ ದೇವರ ಮ್ಯಾಲ ಭಕ್ತಿ ಬಂದದ ನೋಡ್ರಿ" ಎಂದು ನನ್ನ ಹತ್ತಿರ ಮೆಚ್ಚಿಕೊಂಡಳು. ನಮ್ಮದು ಬೌದ್ಧರ ಮನೆ, ಊದು ಭಕ್ತಿ ಎಲ್ಲ ಅಷ್ಟಕ್ಕಷ್ಟೆ. ಆದರೂ ಕಪ್ಪೆಯ ಹೊಟ್ಟೆ ಸೀಳುವ ಮನುಷ್ಯನಿಗೆ ಇದೇನು ಬಂತು ಎಂದು ನನಗೆ ಸೋಜಿಗ.

ಆ ಚಳಿಗಾಲದಲ್ಲಿ ಅವರಿಗೆ ಟೈಫಾಯ್ಡ್ ಆಯಿತು. ಗಂಜಿ ಕೊಡಲು ಹೋದೆ. ಹಾಸಿಗೆಯಲ್ಲಿ ಮಲಗಿದ್ದವರು ನನ್ನ ಮುಖವನ್ನು ಬಹಳ ಹೊತ್ತು ನೋಡಿ, "ಬಾಯಾರ, ನಿಮಗ ಒಂದ ಕೆಲಸ ಹೇಳ್ತೀನಿ. ಬಯ್ಯಬ್ಯಾಡ್ರಿ" ಎಂದರು.

"ಬಯ್ಯೂದು ಬಿಡೂದು ಆಮ್ಯಾಲ. ಮೊದಲು ಹೇಳ್ರಿ."

"ಒಳಗಿನ ಕೋಣ್ಯಾಗ ಜರಾ ನೀರ ಹಾಕ್ರಿ. ಅವು ನಿನ್ನಿಯಿಂದ ಒಣಗ್ಯಾವ."

ಒಳಕೋಣೆಯ ಬಾಗಿಲು ತೆರೆದೆ. ಕಿಟಕಿಗೆ ಕರಿ ಕಂಬಳಿ ಬಡಿದಿತ್ತು. ಗೋಡೆಗೆ ದಪ್ಪಗೆ ಸುಣ್ಣ. ಮೇಲಿನ ತೊಲೆಯಿಂದ ಇಳಿಬಿಟ್ಟ ಟ್ಯೂಬ್‌ಲೈಟುಗಳು, ಮೂಲೆಯಲ್ಲಿ ಒಂದು ಟೇಬಲ್ ಫ್ಯಾನು. ಕೆಳಗೆ ಒಡೆದ ಕೊಡಗಳಲ್ಲಿ, ಎಣ್ಣೆ ಡಬ್ಬಿಗಳಲ್ಲಿ ಭಾಲ್ಕಿಯ ಕರಿಮಣ್ಣು. ಅದರಲ್ಲಿ ನನ್ನ ಎದೆಯೆತ್ತರದ ಗಿಡಗಳು, ಕೈಬೆರಳು ಬಿಚ್ಚಿದಂಥ ಎಲೆಗಳು. ಬೀದರಿನಲ್ಲಿ ಹುಟ್ಟಿ ಬೆಳೆದವಳಿಗೆ ಅದು ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಊರಲ್ಲೆಲ್ಲ ಒಂದು ಹಸಿರೆಲೆ ಕಾಣದ ದಿನಗಳು ಅವು. ನಾನು ಕಿರುಚಬೇಕೆಂದು ಬಾಯಿ ತೆಗೆದವಳು ಹಾಗೆಯೇ ನಿಂತುಬಿಟ್ಟೆ, ಖರೇ ಹೇಳುತ್ತೇನೆ, ಕಣ್ಣು ತಂಪಾಯಿತು.

ಆಮೇಲೆ ಕಿರುಚಿದೆ. "ತಲಿ ಕೆಟ್ಟದೇನ್ರಿ ಸರ ನಿಮಗ? ನೌಕರಿ ಹೋಗ್ತದ, ಜೇಲ ಆಗ್ತದ! ಸೇದ್ತೀರೇನು ಇದನ್ನ?"

"ಛೇ! ಬೀಡಿ ಹೊಗಿ ಬಂದ್ರ ತಲಿ ನೋಯ್ತದ ನನಗ."

"ಮತ್ತ ಮಾರ್ತೀರೇನು?"

ಅದಕ್ಕೆ ಅವರು ಮುಖ ತಿರುಗಿಸಿ ಮಲಗಿಬಿಟ್ಟರು. ಅಷ್ಟು ನೋವಾಗಿತ್ತು.

ಜ್ವರ ಇಳಿದ ಮೇಲೆ ಒಂದೊಂದಾಗಿ ಹೇಳಿದರು. ಊರಿಗೆ ಹೋದಾಗ ಹಳ್ಳಿ ಬಿಕೋ ಎನ್ನುತ್ತಿತ್ತಂತೆ. ದುಡಿಯುವ ಕೈಗಳೆಲ್ಲ ಹೈದರಾಬಾದಿಗೆ, ಪುಣೆಗೆ ಹೋಗಿದ್ದವು. ಊರ ಸಂತನ ಗದ್ದುಗೆಯ ಹಿಂದೆ ತಾನಾಗಿ ಹುಟ್ಟಿ ಒಣಗಿ ನಿಂತ ಒಂದು ಗಾಂಜಾ ಗಿಡದಿಂದ ಉದುರಿದ ಬೀಜಗಳನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಬಂದರು. ಹೊರಗೆ ಬೆಳೆಸುವ ಹಾಗಿಲ್ಲ, ನೀರೂ ಇಲ್ಲ. ಒಳಗಾದರೆ ಸ್ನಾನದ ನೀರು ಸಾಕು, ಬಿಸಿಲು ಹೀರುವುದಿಲ್ಲ. ಮೊದಲು ಬರೀ ನೋಡೋಣ ಎಂದು ಹಾಕಿದ್ದು, ಆಮೇಲೆ ಅದೇ ಹುಚ್ಚಾಯಿತು. ಶಾಲೆಯಿಂದ ಬಂದವರು ಚಹಾ ಕುಡಿಯುವ ಮೊದಲು ಒಳಗೆ ಹೋಗಿ ಎಲೆಗಳ ಬೆನ್ನು ತಿರುಗಿಸಿ ನುಸಿ ಹತ್ತಿದೆಯೇ ಎಂದು ನೋಡುತ್ತಿದ್ದರು. "ಈ ಗಿಡಕ್ಕ ಹೂ ಬಿಡಬೇಕಂದ್ರ ರಾತ್ರಿ ಪೂರಾ ಕತ್ತಲಿ ಬೇಕ್ರಿ. ನಡುವ ಯಾರರೆ ಬಾಗಿಲ ತೆಗದು ಬೆಳಕ ಬಿಟ್ರ ಮುನಿಸ್ಕೊಂತದ" ಎನ್ನುವಾಗ ಅವರ ದನಿಯಲ್ಲಿ, ನಮ್ಮತ್ತೆ ತನ್ನ ಮಗನ ಬಗ್ಗೆ ಹೇಳುವಾಗಿನ ಹೆಮ್ಮೆ ಇರುತ್ತಿತ್ತು.

ಗಿಡಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಮಾರುವವರು ಗಂಡನ್ನು ಗುರುತು ಹಿಡಿದು ಮೊದಲೇ ಕಿತ್ತು ಎಸೆಯುತ್ತಾರಂತೆ, ಹೆಣ್ಣು ಬೀಜ ಕಟ್ಟಬಾರದೆಂದು. ಇವರು ಕೀಳಲಿಲ್ಲ. ಯಾಕೆ ಎಂದೆ.

"ಊರಾಗಿನ ಗಂಡಸರೆಲ್ಲ ಗುಳೆ ಹೋಗ್ಯಾರ. ಇಲ್ಲೆರ ಇರ್ಲಿ ಬಿಡ್ರಿ" ಎಂದು ಮೊದಲು ಚೇಷ್ಟೆ ಮಾಡಿದರು. ಆಮೇಲೆ ಹೇಳಿದರು: ಅವರ ಕಡೆ ಅದನ್ನು ಅಜ್ಜನ ಗಿಡ ಎನ್ನುತ್ತಾರೆ. ಗದ್ದುಗೆಯಲ್ಲಿ ಒರಗಿದ ಅಜ್ಜ ಸೇದುತ್ತಿದ್ದದ್ದು ಅದೇ. ಬಿತ್ತುವವರು ಬಿತ್ತುತ್ತಾರೆ, ಪೊಲೀಸರು ಬಂದು ಕೀಳುತ್ತಾರೆ, ಅದು ಬೇರೆ ಮಾತು. ಆದರೆ ಬಿತ್ತದೆ ತಾನಾಗಿ ಹುಟ್ಟಿದ್ದನ್ನು ಊರವರು ಮುಟ್ಟುವುದಿಲ್ಲ. ಸುತ್ತ ಮುಳ್ಳು ಹಚ್ಚಿ, ಒಂದು ಕಲ್ಲಿಟ್ಟು, ಕೈಲಾದಷ್ಟು ನೀರು ಹಾಕುತ್ತಾರೆ.

"ನೀವು ಸೈನ್ಸ್ ಮಾಸ್ತರ್ರು. ಇದನ್ನ ನಂಬ್ತೀರೇನು?"

"ನಂಬೂದಿಲ್ಲರಿ. ಆದ್ರ ಕೈ ಬರೂದಿಲ್ಲ."

ಹೀಗಾಗಿ ಅವರ ಹೆಣ್ಣು ಗಿಡಗಳೆಲ್ಲ ಬೀಜ ಕಟ್ಟಿದವು. ಹೂ ಬಿಟ್ಟದ್ದನ್ನು ಕಣ್ತುಂಬ ನೋಡುವುದು, ಒಣಗಿದ ಮೇಲೆ ಉದುರಿದ ಬೀಜ, ಸಿಪ್ಪೆ, ಎಲೆ ಎಲ್ಲವನ್ನೂ ಗುಡಿಸಿ ಕಂಪೌಂಡಿನ ಗೋಡೆಯಾಚೆ ಖಾಲಿ ಪ್ಲಾಟಿಗೆ ಚೆಲ್ಲುವುದು. ಬೀಜ ಎಂದರೆ ಏನು ಎಂದು ವರ್ಷವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸಿದ ಮನುಷ್ಯ! ಯಾರಾದರೂ ಕೇಳಿದರೆ ನಕ್ಕಾರು. ಆದರೆ ನಾನೂ ಆ ಪ್ಲಾಟಿಗೇ ಕಸ ಚೆಲ್ಲುತ್ತಿದ್ದವಳು, ನನಗೂ ಹೊಳೆಯಲಿಲ್ಲ. ನೆಲಕ್ಕೆ ಬಿದ್ದದ್ದು ಹುಟ್ಟುತ್ತದೆ ಎನ್ನುವುದನ್ನೇ ಆ ವರ್ಷಗಳಲ್ಲಿ ನಾವೆಲ್ಲ ಮರೆತಿದ್ದೆವು.

ಮೂರನೆಯ ವರ್ಷದ ಬೇಸಿಗೆಯಲ್ಲಿ ಆ ಪ್ಲಾಟಿಗೆ ಒಂದು ಜೋಡಿ ಬಂದು ಪ್ಲಾಸ್ಟಿಕ್ ಹಾಳೆಯ ಗುಡಿಸಲು ಹಾಕಿತು. ಮಾಣಿಕ ಮತ್ತು ಚಂದ್ರಮ್ಮ. ಔರಾದ ಕಡೆಯವರು, ಮದುವೆಯಾಗಿ ಹೆಚ್ಚು ದಿನ ಆಗಿರಲಿಲ್ಲ. ಅವನು ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ಮೂಟೆ ಹೊರುವ ಹಮಾಲಿ, ಅವಳು ಸಿಕ್ಕಿದ ಕೂಲಿ. ದಸರೆ ಮುಗಿದ ಮೇಲೆ ಅವಳ ಅಣ್ಣನ ಗುಂಪು ಲಾರಿಯಲ್ಲಿ ಇಟ್ಟಿಗೆ ಭಟ್ಟಿಗೆ ಹೋಗುವುದಿತ್ತು, ಇವರೂ ಅದನ್ನೇ ಹತ್ತಬೇಕೆಂದು ಕಾಯುತ್ತಿದ್ದರು. ಮಾಸ್ತರರು ತಮ್ಮ ಕಡೆಯವರು ಎಂದು ತಿಳಿದ ಮೇಲೆ ಚಂದ್ರಮ್ಮನಿಗೆ ಬಲು ಸಲಿಗೆ. ಗೋಡೆಯಾಚೆಯಿಂದಲೇ "ಮಾಸ್ತರಾ, ಉಂಡ್ರೀ?" ಎಂದು ಕೂಗುತ್ತಿದ್ದಳು. ಗಂಟೆ ಬಾರಿಸಿದಂಥ ದನಿ. ಇವರು ಒಳಗಿನಿಂದಲೇ "ಹೂಂ, ಉಂಡೆ" ಎನ್ನುತ್ತಿದ್ದರು. ಗಿಡ ನೋಡುತ್ತಿದ್ದವರಿಗೆ ತಲೆಯೆತ್ತಿ ಅವಳ ಮುಖ ನೋಡುವ ಪುರುಸೊತ್ತು ಎಲ್ಲಿ.

ಆ ವರ್ಷವೂ ಮೃಗಶಿರಾ ಬರಲಿಲ್ಲ, ಆರಿದ್ರಾ ಬರಲಿಲ್ಲ. ಎಲ್ಲರೂ ಕೈಬಿಟ್ಟ ಮೇಲೆ ಹುಬ್ಬಿ ಮಳೆ ಹಿಡಿಯಿತು. ಬಿತ್ತುವ ಕಾಲ ದಾಟಿ ಬಂದ ಮಳೆ. ಆದರೂ ಮೈಲೂರಿನ ಜನ ಮುದುಕರು ಮೊದಲ್ಗೊಂಡು ಬೀದಿಗೆ ಬಂದು ತೊಯ್ದರು. ಮಾಸ್ತರರೂ ಪ್ಯಾಂಟು ಮಡಚಿಕೊಂಡು ನೀರಲ್ಲಿ ನಿಂತಿದ್ದರು. ಅವರು ಬಾಯಿ ತುಂಬ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ದಸರೆಯ ಹೊತ್ತಿಗೆ ಪ್ಲಾಟಿನ ತುಂಬ ಗಾಂಜಾ. ಮೊಣಕಾಲೆತ್ತರ, ಹಚ್ಚಗೆ. ಅದು ಕಣ್ಣಿಗೆ ಬಿದ್ದಿದ್ದರೆ ನಾವು ಎಚ್ಚರಾಗುತ್ತಿದ್ದೆವೋ ಏನೋ, ಆದರೆ ಮಳೆ ಹಿಡಿದ ವಾರವೇ ನಾನು ಶಿಕ್ಷಕರ ತರಬೇತಿ ಎಂದು ಭಾಲ್ಕಿಗೆ ಹೋದೆ, ಮಾಸ್ತರರು ಗೋಡೆಯಾಚೆ ಇಣುಕುವವರಲ್ಲ. ಮಾಣಿಕ, ಚಂದ್ರಮ್ಮ ತಮ್ಮ ಊರಿನವರು ಏನು ಮಾಡುತ್ತಾರೋ ಅದನ್ನೇ ಮಾಡಿದರು. ಬಿತ್ತದೆ ಹುಟ್ಟಿದ ಅಜ್ಜನ ಗಿಡ, ಅದೂ ಬರ ಮುಗಿದ ಮಳೆಗೆ, ತಮ್ಮ ಗುಡಿಸಲ ಬಾಗಿಲಲ್ಲೇ. ಸುತ್ತ ಜಾಲಿ ಮುಳ್ಳು ಹಚ್ಚಿದರು. ಕಲ್ಲಿಟ್ಟು ಕುಂಕುಮ ಬಳಿದರು. ಮಳೆ ನಿಂತ ದಿನಗಳಲ್ಲಿ ಕೊಡದಿಂದ ನೀರು ಹಾಕಿದರು. ಯಾರೋ ಸುದ್ದಿ ಕೊಟ್ಟರು, ಪೊಲೀಸರು ಬಂದರು. ಬೇಲಿ ಹಾಕಿ, ನೀರುಣಿಸಿ ಬೆಳೆಸಿದ ಗಾಂಜಾ ಎನ್ನಲು ಇನ್ನೇನು ಬೇಕು? ಮಾಣಿಕ "ನಾವು ಹಚ್ಚಿಲ್ಲ ಸಾಹೇಬ್ರ, ತಾನೇ ಹುಟ್ಟ್ಯಾವ" ಎಂದನಂತೆ. "ಬೇಲಿನೂ ತಾನೇ ಹುಟ್ಟ್ಯದೇನು?" ಎಂದು ಕೇಳಿ ಅವನೊಬ್ಬನನ್ನು ಜೀಪಿಗೆ ಹತ್ತಿಸಿದರು.

ನಾನು ಭಾಲ್ಕಿಯಿಂದ ಮರಳಿದ್ದು ಒಂದು ಮಧ್ಯಾಹ್ನ. ಪ್ಲಾಟಿನಲ್ಲಿ ಗುಡಿಸಲಿರಲಿಲ್ಲ. ಮಾಸ್ತರರು ತಮ್ಮ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು, ಮೈಮೇಲೆ ಇಸ್ತ್ರಿ ಅಂಗಿ, ಕಾಲಲ್ಲಿ ಚಪ್ಪಲಿ. ಏನಾಯಿತೆಂದು ಕೇಳಿದ್ದಕ್ಕೆ ನಡೆದದ್ದನ್ನು ಹೇಳುತ್ತ ಹೋದರು, ಹಾಜರಿ ಕೂಗುವವರ ಹಾಗೆ, ಮುಖದಲ್ಲಿ ಏನೂ ಇಲ್ಲದೆ.

ಮಾಣಿಕನನ್ನು ಒಯ್ದ ದಿನವೇ ಅವರಿಗೆ ಎಲ್ಲ ಅರ್ಥವಾಗಿತ್ತು. ಅಂಗಿ ಹಾಕಿಕೊಂಡು ಠಾಣೆಗೆ ಹೊರಟರು. ಎದುರಿನ ಹೋಟೆಲಿನಲ್ಲಿ ಚಹಾ ಕುಡಿದರು, ತಿರುಗಿ ಬಂದರು. ಮರುದಿನವೂ ಹಾಗೆಯೇ, ಅದರ ಮರುದಿನವೂ. ರಿಟೈರ್‌ಮೆಂಟ್ ಹತ್ತಿರ ಬಂದಿತ್ತು. ಪಾಪದವ, ಪೊಲೀಸರು ಹೊಡೆದು ಬಡಿದು ತಾವೇ ಬಿಡುತ್ತಾರೆ ಎಂದುಕೊಂಡರು.

"ಆಕಿ ದಿನಾ ಬಂದು ಬಾಗಿಲ ಬಡೀತಿದ್ಳು ಬಾಯಾರ. 'ಮಾಸ್ತರಾ, ನೀವು ಕಲ್ತವರು, ನೀವು ಬಂದು ಎರಡ ಮಾತ ಹೇಳಿದ್ರ ಬಿಡ್ತಾರ' ಅಂತಿದ್ಳು. ನಾ ನಾಳಿ ಬರ್ತೇನವ್ವಾ ಅಂತಿದ್ದೆ. ಎಲ್ಲಾ ದಿನಾನೂ ನಾಳಿ ಅಂತಾನೇ ಅಂದೆ."

"ಈಗ ಎಲ್ಲಿದ್ದಾಳ್ರಿ ಆಕಿ?"

"ಇವತ್ತ ಮುಂಜಾನಿ ಲಾರಿ ಬಂತು. ಆಕೀ ಅಣ್ಣ, ಒಬ್ಬಾಕಿನ್ನ ಇಲ್ಲಿ ಬಿಡೂದಿಲ್ಲ ಅಂದ. ಆಕಿ ಕಡೀ ಸಲ ಬಂದ್ಳು. 'ಮಾಸ್ತರಾ, ಇವತ್ತ ನೀವು ಬರ್ತೀನಂದ್ರ ನಾ ನಿಲ್ತೀನಿ. ಇಲ್ಲಂದ್ರ ಹೋಗ್ತೀನಿ' ಅಂದ್ಳು. ನಾ ಒಳಗೇ ಇದ್ದೆ."

"ನೀವೇನಂದ್ರಿ?"

"ಬಾಗಿಲ ತೆಗೀಲಿಲ್ಲ."

ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಹೇಡಿ ಎಂದೆ, ಇನ್ನೂ ಏನೇನೋ ಅಂದೆ. ಅವರು ತಲೆ ತಗ್ಗಿಸಿ ಎಲ್ಲ ಕೇಳಿ, "ಹೂಂ. ಈಗ ಹೋಗೂನು ನಡೀರಿ" ಎಂದರು. ಆವತ್ತು ಹೋಟೆಲಿನತ್ತ ತಿರುಗಿ ನೋಡಲಿಲ್ಲ.

ಠಾಣೆಯ ಸಾಹೇಬ ನಂಬಲಿಲ್ಲ. ಅವನ ಮಗಳು ಮಾಸ್ತರರ ಕೈಯಲ್ಲಿ ಕಲಿತವಳು. "ಊರ ಹುಡುಗ ಅಂತ ಉಳಸ್ಲಾಕ ಬಂದೀರಿ, ಗೊತ್ತಾಗ್ತದರಿ ಮಾಸ್ತರ. ಮನೀಗಿ ಹೋಗ್ರಿ, ಚಲೋ ಹೆಸರು ಕೆಡಿಸ್ಕೋಬ್ಯಾಡ್ರಿ" ಎಂದ. ಆಗಲೂ ತಿರುಗಿ ಬರಬಹುದಿತ್ತು, ಯಾರೂ ತಡೆಯುತ್ತಿರಲಿಲ್ಲ. ಇವರು ಜೀಪನ್ನು ಮನೆಗೇ ಕರೆತಂದು ಒಳಕೋಣೆಯ ಬಾಗಿಲು ತೆಗೆದರು. ಪೊಲೀಸರು ಒಳಗೆ ಕಾಲಿಟ್ಟು, ನಾನು ನಿಂತ ಹಾಗೆಯೇ ಬಾಯಿ ತೆರೆದು ನಿಂತರು. ಕಾನ್‌ಸ್ಟೇಬಲ್ ಒಬ್ಬ ಗಿಡಕ್ಕೆ ಕೈ ಹಾಕಿದಾಗ ಮಾಸ್ತರರು ಅವನ ಕೈ ಸರಿಸಿದರು. "ನಾನೇ ತೆಗೀತೇನಿ. ನಿಮಗ ಲೆಕ್ಕಕ್ಕ ಬೇರಿನ ಸಮೇತ ಬೇಕಾಗ್ತದ" ಎಂದರು. ಗಂಡು ಗಿಡ ಕೀಳಲೂ ಕೈ ಬಾರದ ಮನುಷ್ಯ ಒಂದೊಂದನ್ನೂ ಮಣ್ಣು ಸಡಿಲಿಸಿ ಎಳೆದು ಚಾಪೆಯ ಮೇಲೆ ಸಾಲಾಗಿ ಮಲಗಿಸಿದರು. ಬಾಗಿಲಲ್ಲಿ ಕಂಪೌಂಡಿನ ಮಂದಿಯೆಲ್ಲ ನೆರೆದಿತ್ತು. ಮಾಲಕರ ಮುದುಕಿ "ಇದೇ ಏನವ್ವಾ ಊದಿನ ಭಕ್ತಿ?" ಎಂದು ನನ್ನನ್ನು ಕೇಳಿದಳು.

ಮಾಣಿಕ ಹೊರಗೆ ಬರುವಷ್ಟರಲ್ಲಿ, ಕೋರ್ಟು ಕಾಗದ ಎಂದು, ದೀಪಾವಳಿ ದಾಟಿತ್ತು. ಅವನು ನೆಟ್ಟಗೆ ಲಾರಿಯ ಜಾಡು ಹಿಡಿದು ಹೋದ. ಜಹೀರಾಬಾದಿನ ಆಚೆ ಒಂದು ಭಟ್ಟಿಯಲ್ಲಿ ಅವರು ಇಳಿದದ್ದು ನಿಜ, ಆದರೆ ಅಲ್ಲಿಂದ ಬೇರೆ ಕಡೆ ಸಾಗಿಸಿಯಾಗಿತ್ತು. ಎಲ್ಲಿಗೆ ಎಂದರೆ ಒಬ್ಬ ಕರೀಂನಗರ ಎಂದ, ಇನ್ನೊಬ್ಬ ನಿಜಾಮಾಬಾದ್ ಎಂದ. ಮೊಬೈಲು ಸಾಹುಕಾರರ ಕೈಯಲ್ಲಷ್ಟೇ ಇದ್ದ ಕಾಲ. ದೇಶಕ್ಕೆ ದೇಶವೇ ತಲೆಯ ಮೇಲೆ ಗಂಟಿಟ್ಟುಕೊಂಡು ಓಡಾಡುತ್ತಿದ್ದಾಗ ಒಬ್ಬ ಚಂದ್ರಮ್ಮನನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಹುಡುಕಿ ಸೋತು ಬಂದವನು ಭಾಲ್ಕಿಯ ಗಂಜಿನಲ್ಲಿ ಹಮಾಲಿಗೆ ನಿಂತ.

ಮಾಸ್ತರರು ಜೇಲಿನಿಂದ ಜಾಮೀನಿನ ಮೇಲೆ ಬಂದಾಗ ನೌಕರಿ ಇರಲಿಲ್ಲ, ಮೈಲೂರಿನ ಮನೆಯೂ ಇರಲಿಲ್ಲ. ಭಾಲ್ಕಿಯಲ್ಲಿ ತಂಗಿಯ ಮನೆ ಸೇರಿದರು. ಸೇರಿದ ಮೊದಲನೆಯ ದಿನವೇ ಗಂಜಿಗೆ ಹೋಗಿ ಮಾಣಿಕನ ಮುಂದೆ ನಿಂತರಂತೆ. ಅವನು ಹೊಡೆಯುತ್ತಾನೆ ಎಂದುಕೊಂಡೇ ಹೋಗಿದ್ದರು. ಅವನು ಹೊಡೆಯಲಿಲ್ಲ. "ಐತವಾರ ಸೂಟಿ ಇರ್ತದ. ಹುಡುಕ್ಲಾಕ ಹೋಗೂನು ಬರ್ರಿ" ಎಂದನಂತೆ.

ಅಲ್ಲಿಂದ ಶುರುವಾದವು ಅವರ ಐತವಾರಗಳು. ಮೊದಲು ಇಬ್ಬರೂ ಹೋಗುತ್ತಿದ್ದರು. ಮರುವರ್ಷ ಒಂದು ವಾರ ಮಾಣಿಕ, ಕೆಲಸ ಇದೆ, ನೀವೇ ಹೋಗಿ ಬರ್ರಿ ಎಂದ. ಮುಂದೆ ಅವನು ಹೋಗಲೇ ಇಲ್ಲ, ಮಾಸ್ತರರೊಬ್ಬರೇ. ಬುತ್ತಿ ಕಟ್ಟಿಕೊಂಡು ಬೆಳಗಿನ ಬಸ್ಸು ಹತ್ತಿ ಜಹೀರಾಬಾದ್, ಸಂಗಾರೆಡ್ಡಿ, ಅದರಾಚೆ, ಅದರಾಚೆ. ಭಟ್ಟಿಯಿಂದ ಭಟ್ಟಿಗೆ ನಡೆದು, ಕನ್ನಡ ಮಾತಾಡುವ ಹೆಂಗಸರ ಗುಂಪು ಕಂಡಲ್ಲಿ ನಿಂತು ಕೇಳುವುದು. ಎಷ್ಟೋ ಕಡೆ ಕಾವಲಿನವರು ಗದರಿಸಿ ಓಡಿಸಿದರು. ನಾನು ವರ್ಷಕ್ಕೆ ಒಂದೆರಡು ಸಲ ಭಾಲ್ಕಿಗೆ ಹೋದಾಗ ಕಾಣುತ್ತಿದ್ದೆ. ಪ್ರ್ಯಾಕ್ಟಿಕಲ್ ಪರೀಕ್ಷೆಯ ಫಲಿತಾಂಶ ಹೇಳುವಂತೆ ಎಲ್ಲೆಲ್ಲಿ ನೋಡಿಯಾಯಿತು ಎಂದು ಹೇಳುತ್ತಿದ್ದರು. ಅವರ ಕೋಣೆಯಲ್ಲಿ ಒಂದು ತುಳಸಿ ಕೂಡ ಇರಲಿಲ್ಲ.

ಒಮ್ಮೆ ತಾಳಲಾರದೆ ಅಂದೆ, "ಸರ, ಎದುರಿಗೆ ಬಂದು ನಿಂತ್ರೂ ನಿಮಗ ಗುರ್ತ ಹತ್ತೀತೇನ್ರಿ ಆಕಿ?"

"ಮಾರಿ ನೆನಪಿಲ್ಲರಿ. ಸರಿಯಾಗಿ ನೋಡೇ ಇಲ್ಲ ನಾ. ದನಿ ನೆನಪದ. ಅದಕ್ಕೇ ಹೋದಲ್ಲೆಲ್ಲಾ ಒಂದು ಕಡಿ ನಿಂತು ಹೆಣ್ಣಮಕ್ಕಳು ಮಾತಾಡೂದು ಕೇಳ್ತೇನಿ. ಮಂದಿ ಏನೇನರೆ ತಿಳ್ಕೊಂತಾರ. ತಿಳ್ಕೊಳ್ಳಿ."

ನಾನು ಎದ್ದು ಅಡುಗೆಮನೆಗೆ ಹೋಗಿ ಅವರ ತಂಗಿಯ ಮುಂದೆ ಕೂತು ಅತ್ತೆ. ಈ ಮನುಷ್ಯನನ್ನು ನಾನು ಒಮ್ಮೆ ಹೇಡಿ ಎಂದಿದ್ದೆ. ಆ ದಿನದ ಮಟ್ಟಿಗೆ ಅದು ಸುಳ್ಳಲ್ಲ. ಆದರೆ ಮುಂದಿನ ಅಷ್ಟೆಲ್ಲ ಐತವಾರಗಳಿಗೆ ಏನು ಹೆಸರಿಡಬೇಕೋ ಎಂದು ಈಗಲೂ ನನಗೆ ತಿಳಿಯದು.

ಮಣ್ಣಿಗೆ ಹೆಚ್ಚು ಜನ ಬಂದಿರಲಿಲ್ಲ. ತಂಗಿಯ ಮನೆಯವರು, ಓಣಿಯ ನಾಲ್ಕಾರು ಮಂದಿ, ಶಾಲೆಯ ಕಡೆಯಿಂದ ನಾನೊಬ್ಬಳೇ. ಮಾಣಿಕ ಬಂದಿದ್ದ. ತಲೆ ಪೂರ್ತಿ ನೆರೆತಿದೆ, ಹೊರೆ ಹೊತ್ತು ಕುತ್ತಿಗೆ ಒಂದು ಕಡೆ ವಾಲಿದೆ. ಕುಣಿ ತೋಡಿದವನೂ ಅವನೇ ಎಂದು ಆಮೇಲೆ ಗೊತ್ತಾಯಿತು. ಅವನ ಪಕ್ಕದಲ್ಲಿ ನಿಂತಾಗ ನನಗೆ ಏನಾದರೂ ಹೇಳಬೇಕೆನಿಸಿತು.

"ಇನ್ನ ಆಕಿನ್ನ ಹುಡುಕವರು ಯಾರೂ ಉಳೀಲಿಲ್ಲಲ್ಲೋ ಮಾಣಿಕಾ" ಎಂದೆ.

ಅವನು ಕುಣಿಯತ್ತಲೇ ನೋಡುತ್ತಿದ್ದ. "ಆಕಿ ಆ ಭಟ್ಟಿ ಹಂಗಾಮಿನಾಗೇ ಹೋದ್ಳರಿ, ಜ್ವರ ಬಂದು. ಮರುವರ್ಷ ಆಕೀ ಅಣ್ಣ ಗಂಜಿಗಿ ಬಂದು ಹೇಳಿ ಹೋದ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವನ ತೋಳು ಹಿಡಿದು ಅಲ್ಲಾಡಿಸಿಬಿಟ್ಟೆ. "ಅಲ್ಲೋ, ಮುದುಕ ಮನಷ್ಯಾನ್ನ ಇಷ್ಟ ವರ್ಷ ಬಿಸಲಾಗ ತಿರುಗಿಸಿದಿ? ಒಂದ ಮಾತ ಹೇಳಬಾರದಾಗಿತ್ತೇನು?"

"ಹೇಳ್ಬೇಕಂತ ಎರಡ ಮೂರ ಸಲ ಹೋಗೀನ್ರಿ. ಮನೀ ತನಕ ಹೋಗಿ ತಿರುಗಿ ಬಂದೀನಿ." ಅವನು ನನ್ನ ಕೈಯಿಂದ ತೋಳು ಬಿಡಿಸಿಕೊಂಡ. "ಮೊದಲ ಸಿಟ್ಟಿತ್ತು, ತಿರುಗ್ಲಿ ಅಂತ ಬಿಟ್ಟೆ. ಆಮ್ಯಾಲ ಸಿಟ್ಟ ಹೋತು. ಆಗ ಹೇಳ್ಬಹುದಿತ್ತು. ಹೇಳಿದ್ರ, ಐತವಾರ ಎದ್ದು ಆ ಮುದುಕ ಎಲ್ಲಿ ಹೋಗ್ತಿದ್ದ ಹೇಳ್ರಿ ಬಾಯಾರ?"

ತಂಗಿಯ ಮಗ ಮಣ್ಣು ಹಾಕಿ ಎಂದು ಕರೆದ. ಮಾಣಿಕ ಧೋತರ ಮೇಲೆ ಕಟ್ಟಿ, ಸಲಿಕೆ ತೆಗೆದುಕೊಂಡು ಮೊದಲು ಹೋದ.